ಮಾಕನ ಎಡಗೆನ್ನೆಯ ಮಚ್ಚೆ

ಇಪ್ಪತ್ತಾರು ವರ್ಷ ಸಿನಿಮಾದಲ್ಲಿ ದುಡಿದರೂ ಮಾಕ್ ವಿಂಗ್-ಹೋಯ್‌ನ ಮುಖಕ್ಕೆ ಗಿರಾಕಿ ಹುಟ್ಟಲಿಲ್ಲ. ಬೆನ್ನಿಗೆ ಮಾತ್ರ ಒಳ್ಳೆಯ ಬೇಡಿಕೆಯಿತ್ತು. ಹಾಂಗ್‌ಕಾಂಗಿನ ಪೊಲೀಸ್ ಚಿತ್ರಗಳಲ್ಲಿ ರೌಡಿಗಳ ಹಿಂದಿನ ಸಾಲಿನಲ್ಲಿ ನಿಂತು, ಮೊದಲ ಏಟಿಗೇ ಮಕಾಡೆ ಬೀಳುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಶಾಮ್ ಶುಯಿ ಪೋ ಬೀದಿಯಲ್ಲಿ ಗುಂಡಿ, ಜಿಪ್ಪು ಮಾರುವ ಹೆಂಡತಿ ಲಾಯ್-ಕುನ್ ಕೂಡ ಪರದೆಯ ಮೇಲೆ ಅವನನ್ನು ಅಂಗಿ ನೋಡಿಯೇ ಗುರುತಿಸಬೇಕಿತ್ತು.

ಬೀದಿಯಲ್ಲಿ ಒಬ್ಬರಾದರೂ ನಿಲ್ಲಿಸಿ, "ನೀವು ಅವರೇ ಅಲ್ವಾ?" ಅನ್ನಬೇಕು. ಅವನ ಆಸೆ ಅಷ್ಟೇ.

ಐವತ್ತೊಂದನೇ ವಯಸ್ಸಿಗೆ ಮುಖ ಕಾಣುವ ಪಾತ್ರ ಸಿಕ್ಕಿತು. ರೌಡಿಗಳ ಅಡ್ಡೆಯಲ್ಲಿ ಹದಿನೈದು ವರ್ಷ ಅಡುಗೆಯವನಾಗಿ ವೇಷ ಮರೆಸಿಕೊಂಡಿದ್ದ ಪೊಲೀಸ್. ಮಾತಿತ್ತು, ಹೆಸರಿತ್ತು. ಕೊನೆಗೆ ಸಾಯಬೇಕು, ಸಮಾಧಿಯ ಮೇಲೆ ಸಮವಸ್ತ್ರದ ಫೋಟೊ ಇರಬೇಕು.

"ಬದುಕಿರೋನ ಫೋಟೊಗೆ ಊದುಬತ್ತಿ ಹಚ್ತಾರಾ?" ಲಾಯ್-ಕುನ್ ಸಿಡುಕಿದಳು.

"ಅಪಶಕುನ ಕಳಿಯೋಕೆ ಕೆಂಪು ಲಕೋಟೇಲಿ ದುಡ್ಡು ಕೊಡ್ತಾರೆ ಕಣೆ."

"ಮಕಾಡೆ ಬಿದ್ದು ಸತ್ತಾಗ್ಲೂ ಕೊಡ್ತಿದ್ರು. ಆಗ ಮುಖ ಕಾಣ್ತಿರ್ಲಿಲ್ಲ. ಇದು ಮುಖ!"

ಮಾಕ್ ಎರಡು ದಿನ ಊಟ ಸೇರದೆ ಕೂತ. ಮೂರನೇ ದಿನ ಅವಳೇ ಅವನ ಜೊತೆ ಚಿತ್ರೀಕರಣಕ್ಕೆ ಹೊರಟಳು.

ಸ್ಮಶಾನದಲ್ಲಿ ಚಿತ್ರ ತೆಗೆಯಲು ಅಂದು ಮಾತ್ರ ಅನುಮತಿ ಸಿಕ್ಕಿದ್ದರಿಂದ ಕತೆಯ ಕೊನೆಯನ್ನೇ ಮೊದಲು ತೆಗೆಯುತ್ತಿದ್ದರು. ಲಾಯ್-ಕುನ್ ಯಾರೂ ನೋಡದಾಗ ಹುಬ್ಬು ತೀಡುವ ಪೆನ್ಸಿಲ್ ತೆಗೆದು, ಫೋಟೊದ ಎಡಗೆನ್ನೆಗೆ ಹೆಸರುಕಾಳಿನಷ್ಟು ಮಚ್ಚೆ ಬರೆದಳು.

"ಯಮನ ಗುಮಾಸ್ತರು ಬಂದ್ರೆ ಮಚ್ಚೆ ಇರೋನ್ನ ಹುಡುಕ್ಕೊಂಡು ಅಲೀಲಿ," ಎಂದು ಗಂಡನ ಕಿವಿಯಲ್ಲಿ ಹೇಳಿದಳು.

ನಾಯಕ ದಿನವಿಡೀ ಆ ಫೋಟೊದ ಮುಂದೆ ಅತ್ತ. ನಿರ್ದೇಶಕ ಮಚ್ಚೆ ಕಂಡದ್ದು ಎಲ್ಲ ಮುಗಿದ ಮೇಲೆ. ಕೂಗಾಡಿದ, ಟೋಪಿ ಎಸೆದ. ಆಮೇಲೆ ಲೆಕ್ಕಾಚಾರದ ಮನುಷ್ಯನಂತೆ ತಣ್ಣಗಾದ.

"ಮತ್ತೆ ತೆಗೆಯೋಕಾಗಲ್ಲ. ಇವತ್ತಿಂದ ನಿನ್ನ ಕೆನ್ನೇಲೂ ಮಚ್ಚೆ ಇದೆ, ತಿಳೀತಾ?"

ನಲವತ್ತು ದಿನ ಮಾಕ್ ಅಂಟಿಸಿದ ಮಚ್ಚೆ ಹೊತ್ತು ಅಡುಗೆ ಮಾಡಿದ, ಗುಟ್ಟು ಸಾಗಿಸಿದ, ಸತ್ತ. ಸಂಜೆ ಅದನ್ನು ಕಿತ್ತಿಟ್ಟೇ ಮನೆಗೆ ಬರಬೇಕೆಂದು ಲಾಯ್-ಕುನ್‌ಳ ಕಟ್ಟಪ್ಪಣೆ.

ಚಿತ್ರ ಓಡಿತು. ಕ್ಷೌರದಂಗಡಿಯಲ್ಲೂ ಮೀನಿನ ಸಾಲಿನಲ್ಲೂ ಮಚ್ಚೆ ಪೊಲೀಸನದೇ ಮಾತು. ಒಂದು ಬೆಳಿಗ್ಗೆ ಗಂಡಹೆಂಡಿರು ಚಹಾದಂಗಡಿಯಲ್ಲಿ ಕೂತಿದ್ದಾಗ, ಲೋಟ ಇಡಲು ಬಂದ ಹೊಸ ವೇಟರ್ ಗಕ್ಕನೆ ನಿಂತ.

"ಅಣ್ಣ, ನೀವು ಆ ಅಡುಗೆ ಪೊಲೀಸ್ ಅಲ್ವಾ?"

ಮಾಕ್ ನೆಟ್ಟಗಾದ. ವೇಟರ್ ಬಗ್ಗಿ ಎಡಗೆನ್ನೆ ನೋಡಿದ.

"ಛೆ, ಅವನಿಗೆ ಮಚ್ಚೆ ಇತ್ತು. ಒಳ್ಳೇ ಮನುಷ್ಯ, ಪಾಪ, ಸತ್ತೋದ."

ಲಾಯ್-ಕುನ್‌ಳ ಕೈ ಚೀಲದೊಳಗೆ ಹೋಯಿತು, ಪೆನ್ಸಿಲ್ ಇರುವ ಕಡೆಗೆ. ಅಲ್ಲೇ ನಿಂತಿತು. ಇಪ್ಪತ್ತಾರು ವರ್ಷ ಕಾದ ಮಾತು ಒಂದು ಚುಕ್ಕೆಯಷ್ಟು ದೂರದಲ್ಲಿತ್ತು. ಮಾಕ್ ಆ ಕೈಯನ್ನು ನೋಡಿದ.

"ಎಲ್ಲರೂ ಹಾಗೇ ಅಂತಾರಪ್ಪ," ಅಂದ. "ಇನ್ನೊಂದು ಬನ್ನು ತಾ. ಬೆಣ್ಣೆ ದಪ್ಪಗಿರಲಿ."

ವೇಟರ್ ಹೋದ. ಲಾಯ್-ಕುನ್ ಖಾಲಿ ಕೈ ಹೊರತೆಗೆದು, ತನ್ನ ಬನ್ನಿನ ಬೆಣ್ಣೆಯನ್ನೂ ಅವನ ತಟ್ಟೆಗೆ ಸರಿಸಿದಳು.

"ಚೆನ್ನಾಗಿ ಸತ್ತೆ ಕಣೋ," ಅಂದಳು, ಅವನೊಬ್ಬನಿಗೇ ಕೇಳುವಂತೆ.