ಮನಿಯವ್ರು ಅನ್ನೋ ತಪ್ಪು

ಬೇರೆಯವರು ಬರೆದ ಇತಿಹಾಸದ ಪುಸ್ತಕವನ್ನು ಮಾಸ್ತರರು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದಂತೆ, ಎರಡೇ ಬೆರಳಲ್ಲಿ ಎತ್ತುತ್ತಿದ್ದರು. ಜಮಖಂಡಿಯ ನನ್ನ ಮುದ್ರಣಾಲಯದಲ್ಲಿ ಅಂಥ ಇಲಿಗಳಿಗೆ ಬರವಿರಲಿಲ್ಲ: ಸಂಸ್ಥಾನದ ಅರಸರು, ಅರಸರ ಕುದುರೆ, ಅರಸರ ಸೋದರಮಾವ.

“ಮುಧೋಳದ ನಾಯಿಗೂ ವಂಶಾವಳಿ ಬರದಾರ್ರಿ. ಮನಶ್ಯಾರ್ದು ಬರಿಯಾಕ ಇವರ ಪೆನ್ನಿನ್ಯಾಗ ಶಾಯಿ ಇಲ್ಲ,” ಎನ್ನುತ್ತಿದ್ದರು ಮಾಸ್ತರರು.

ಅವರು ಬರೆದದ್ದು ಬನಹಟ್ಟಿಯ ಓಣಿಗಳಲ್ಲಿ ಗಂಡಸು ಗಂಡಸಿನೊಂದಿಗೆ, ಹೆಂಗಸು ಹೆಂಗಸಿನೊಂದಿಗೆ ಬಾಳಿದ ಮನೆಗಳ ಚರಿತ್ರೆ; ಸೀರೆಯುಟ್ಟು ಎಲ್ಲಮ್ಮನ ಕೊಡ ಹೊತ್ತ ಜೋಗಪ್ಪಗಳ ಚರಿತ್ರೆ. ಅಣೆಕಟ್ಟಿನ ಹಿನ್ನೀರಿಗೆ ಬೀಳಗಿ ಕಡೆಯ ಊರುಗಳು ಖಾಲಿಯಾಗುತ್ತಿದ್ದಾಗ ಉಳಿದ ವಿದ್ವಾಂಸರು ಮುಳುಗುವ ಶಾಸನದ ಕಲ್ಲುಗಳ ಹಿಂದೆ ಓಡಿದ್ದರು. ಇವರು ಮಾತ್ರ ಯಾರು ಯಾರ ಕೂಡ ಗಾಡಿ ಹತ್ತಿದರೆಂದು ಬರೆದುಕೊಂಡರು. ಈ ಚರಿತ್ರೆಯ ಚಟ ಹತ್ತಿದ್ದು ಅಲ್ಲಿಂದ.

ಅಂಥ ಪುಸ್ತಕ ಅಚ್ಚು ಹಾಕಲು ಒಪ್ಪಿದ್ದು ಧೈರ್ಯದಿಂದಲ್ಲ. ಒಲ್ಲೆ ಅನ್ನಲಿಕ್ಕೂ ನನಗೆ ಹೆದರಿಕೆ. ಬಿಪಿ ಗುಳಿಗೆ ನುಂಗಿ ಕರಡು ತಿದ್ದಲು ಕೂತೆ. ಅದರಲ್ಲಿ ಒಬ್ಬ ಮುದುಕ ನೇಕಾರ, ತನ್ನ ಎದುರು ಮಗ್ಗದಲ್ಲಿ ನಲವತ್ತು ವರ್ಷ ನೇಯ್ದವನ ಬಗ್ಗೆ ಒಂದೇ ಮಾತು ಹೇಳಿದ್ದ: “ನಮ್ಮ ಮನಿಯವ್ರು ಹೋಗಿ ಆರು ವರ್ಷ ಆತ್ರಿ.”

ಅದು ನಮ್ಮ ಕಡೆ ಹೆಂಗಸರು ಗಂಡನಿಗೆ ಅನ್ನುವ ಮಾತು. ‘ನಮ್ಮ ಮನೆಯ ಬಾಡಿಗೆಯವರು’ ಎಂದು ತಿದ್ದಿಬಿಟ್ಟೆ. ಭಾಷೆ ಶುದ್ಧವಾಯಿತೆಂದು ಸಮಾಧಾನವನ್ನೂ ಪಟ್ಟುಕೊಂಡೆ.

ಪುಸ್ತಕ ಹೊಲಿದು ಬಂದ ದಿನ ಮಾಸ್ತರರು ಅದನ್ನೂ ಎರಡೇ ಬೆರಳಲ್ಲಿ ಎತ್ತಿದರು.

“ಸಾವ್ಕಾರ್ರ, ನಲವತ್ತ ವರ್ಷದ ಸಂಸಾರ ನಿಮ್ಮ ಒಂದ ಗೆರಿಗೆ ಬಾಡಗಿ ಆತಲ್ರಿ. ಮುದುಕಗ ಓದಾಕ ಬರೂದಿಲ್ಲ, ನಾಳೆ ನಾನ ಹೋಗಿ ಓದಿ ಹೇಳಬೇಕು. ಏನಂತ ಓದ್ಲಿ?”

ಒಂದೊಂದು ಪ್ರತಿಯಲ್ಲೂ ನನ್ನ ಕೈಯಿಂದಲೇ ಆ ಪದ ಹೊಡೆದುಹಾಕಿಸಿ, ಮುದುಕನ ಮಾತನ್ನು ಮೇಲೆ ಬರೆಸಿದರು. ಸಂಜೆಯವರೆಗೂ ಎದುರು ಕುರ್ಚಿಯಲ್ಲಿ ಕಾವಲು ಕೂತಿದ್ದರು.

“ಅಕ್ಷರ ನಡಗಾಕತ್ತಾವ. ಹೆದರಪುಕ್ಕರ ಅಕ್ಷರ ಹಿಂಗ ಇರ್ತಾವ,” ಎನ್ನುತ್ತ ಚಹಾ ಕುಡಿದರು. ಚಹಾ ನಂದೇ.

ಮಾಸ್ತರರು ತೀರಿಕೊಂಡ ಮೇಲೆ, ಅವರ ಮನೆಯಲ್ಲೇ ಇದ್ದ ಲೋಕಾಪುರದ ನಿವೃತ್ತ ಕಂಡಕ್ಟರರು ಶ್ರದ್ಧಾಂಜಲಿಯ ಕಾರ್ಡು ಮಾಡಿಸಲು ಬಂದರು. ಅವರನ್ನು ನಾನು ಅಷ್ಟೂ ವರ್ಷ ಬಾಡಿಗೆಯವರೆಂದೇ ತಿಳಿದಿದ್ದೆ. ಅಷ್ಟು ಪ್ರತಿ ತಿದ್ದಿದ ಮೇಲೂ ನನ್ನ ಬುದ್ಧಿ ಅಷ್ಟರಲ್ಲೇ ಇತ್ತು.

“ಕೆಳಗ ನನ್ನ ಹೆಸರು ಹಾಕ್ರಿ,” ಅಂದರು. “ಮುಂದ… ಗೆಳೆಯ ಅಂತ ಬರೀರಿ. ಸಾಕು.”

ನಾನು ಒಮ್ಮೆ ಬಾಗಿಲ ಕಡೆ ನೋಡಿದೆ. ಆಮೇಲೆ ಬೇರೆ ಪದ ಟೈಪು ಮಾಡಿ, ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದೆ. ಬೇಡವೆಂದರೆ ಅಳಿಸಲು ಬೆರಳು ಕೀಲಿಯ ಮೇಲೇ ಇತ್ತು.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ಓದಿದರು.

“ಮನಿಯವ್ರು,” ಅಂದರು. “ಇರ್ಲಿ. ತಿದ್ದಬ್ಯಾಡ್ರಿ.”