ಒದ್ದೆಯಾಗಿದ್ದ ವೀರಗಲ್ಲು

ಕಲ್ಲಿನ ಬುಡದಲ್ಲಿ ಅಂಗೈ ಅಗಲದಷ್ಟು ಮಣ್ಣು ಮಾತ್ರ ನೆನೆದಿತ್ತು. ಸುತ್ತಲಿನ ಎರೆ ನೆಲವೆಲ್ಲ ಬಿಸಿಲಿಗೆ ಬಿರುಕು ಬಿಟ್ಟಿತ್ತು.

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಎದುರಾಡಬಾರದೆಂದು ಸುಮ್ಮನಿರುತ್ತಿದ್ದೆ, ಅಷ್ಟೇ. ಆಗ ವಿಜಯಪುರದಲ್ಲಿ ಎಂ.ಎ. ಓದುತ್ತಿದ್ದೆ. ಹಳಗನ್ನಡದ ಕಾವ್ಯ, ಶಾಸನಗಳಲ್ಲಿ ಹಿಂದಿನವರು ಚರಿತ್ರೆಯನ್ನು ಹೇಗೆ ಕಂಡಿದ್ದರು ಎಂಬುದು ನನ್ನ ಪ್ರಬಂಧದ ವಿಷಯ. ಕಲ್ಲಿಗೆ ತಾನಾಗಿ ಏನೂ ತಿಳಿಯುವುದಿಲ್ಲ, ಬದುಕಿದ್ದವರು ಹೇಳಿದ್ದನ್ನಷ್ಟೇ ಅದು ಹೊತ್ತಿರುತ್ತದೆ ಎಂದು ಮೊದಲ ಅಧ್ಯಾಯದಲ್ಲಿ ಬರೆದಿದ್ದೆ.

ಘೋಣಸಗಿಯ ಒಂದು ದ್ರಾಕ್ಷಿ ತೋಟದ ಬದುವಿನ ಮೇಲೆ ಓದದೆ ಉಳಿದ ವೀರಗಲ್ಲೊಂದು ಇದೆಯೆಂದು ತಿಳಿದು, ತೋಟದ ಮಲ್ಲಪ್ಪನಿಗೆ ಹಿಂದಿನ ದಿನ ಫೋನ್ ಮಾಡಿದ್ದೆ.

“ಬರ್ರಿ ಅಕ್ಕಾರ, ಓದ್ಕೊಳ್ರಿ. ಆದ್ರ ಕಲ್ಲಿಗಿ ನೀರ ಹಾಕಬ್ಯಾಡ್ರಿ. ಮನ್ಯಾಗ ಯಾರರ ಸತ್ತ ದಿನಾ ಅಷ್ಟ ಅದಕ್ಕ ನೀರ ಹಾಕ್ತೀವಿ. ನಮ್ಮವ್ವ ನನಗ ಬೈಯೂದು ಸಾಲದಾಗಿ ನಿಮಗೂ ಬೈತಾಳ ನೋಡ್ರಿ!” ಎಂದು ನಕ್ಕಿದ್ದ. ಹೆಣಕ್ಕೆ ಹಾಕುವ ನೀರಿನಲ್ಲಿ ಒಂದು ತಂಬಿಗೆ ಉಳಿಸಿ ಕಲ್ಲಿಗೆ ಹಾಕುವುದು ಆ ಮನೆತನದ ಪದ್ಧತಿಯಂತೆ.

ನೆನೆಸಿದ ಕಾಗದವನ್ನು ಕಲ್ಲಿಗೆ ಒತ್ತದೆ ಶಾಸನದ ಅಚ್ಚು ಮೂಡುವುದಿಲ್ಲ. ಅದಕ್ಕೆಂದೇ ಅಚ್ಚು ತೆಗೆಯುವ ಸಾಮಾನು ಬಿಟ್ಟು, ನೋಟ್‌ಬುಕ್ಕು ಮಾತ್ರ ಒಯ್ದೆ.

ಹನ್ನೊಂದಕ್ಕೆ ನಾನು ತಲುಪಿದಾಗ ಕಲ್ಲಿನಿಂದ ನೀರು ಇಳಿಯುತ್ತಿತ್ತು. ಅಕ್ಷರಗಳು ತೊಳೆದು ಇಟ್ಟಂತಿದ್ದವು. ಪದ್ಧತಿ ಮರೆತು ಯಾರೋ ಉಪಕಾರ ಮಾಡಿದ್ದಾರೆಂದುಕೊಂಡು ಎರಡು ಸಾಲು ಬರೆದುಕೊಂಡೆ. ಅಷ್ಟರಲ್ಲಿ ಮಲ್ಲಪ್ಪನ ತಾಯಿ ಗಂಗವ್ವ ಬಂದಳು. ಕಲ್ಲನ್ನು ಕಂಡು ಅಲ್ಲೇ ನಿಂತಳು.

“ನೀರ ಹಾಕೀಯೇನ ಬೇ?”

“ಇಲ್ರಿ ಆಯಿ. ನಾ ಬಂದಾಗನ ಹಸಿ ಇತ್ರಿ.”

“ಹಾಕೀನಿ ಅನ್ನು. ಸಾಲಿ ಕಲ್ತಾಕಿ, ಗೊತ್ತಾಗಲಾರದ ಹಾಕೀದಿ. ನಾ ಬೈಯಂಗಿಲ್ಲ ಯವ್ವಾ, ಹಾಕೀನಿ ಅಂತ ಒಂದ ಮಾತ ಅನ್ನು.”

ತಪ್ಪು ನನ್ನದಾದರೆ ಅವಳ ಮನೆಯಲ್ಲಿ ಸಾವಿಲ್ಲ. ಅವಳು ಕೇಳುತ್ತಿದ್ದುದು ಇಷ್ಟೇ, ಅದು ನನಗೆ ಅರ್ಥವೂ ಆಗಿತ್ತು. ಆದರೆ ಮಾಡದ್ದನ್ನು ಮಾಡಿದೆನೆಂದು ಹೇಳಲು ನಾಲಿಗೆ ಏಳಲಿಲ್ಲ. “ನಾ ಹಾಕಿಲ್ರಿ,” ಎಂದೆ ಮತ್ತೊಮ್ಮೆ. ಅವಳ ಭಯ ಕಳೆಯಲೆಂದು, ಬೆಳಿಗ್ಗೆ ಬೈಕಿನಲ್ಲಿ ಬಬಲೇಶ್ವರಕ್ಕೆ ಹೋಗಿದ್ದ ಮಲ್ಲಪ್ಪನಿಗೇ ಫೋನ್ ಹಚ್ಚಿದೆ. ಅವಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

ಎತ್ತಿದ್ದು ಬೇರೆ ಯಾರೋ. “ನೀವು ಇವರ ಮನಿಯವರೇನ್ರಿ?”

ಜೈನಾಪುರದ ಹತ್ತಿರ ಟ್ರ್ಯಾಕ್ಟರ್ ಗುದ್ದಿತ್ತು. ಹತ್ತೂವರೆಗೇ ಜೀವ ಹೋಗಿತ್ತು.

ತೋಟದಲ್ಲಿ ಆಗ ಆಳುಗಳಿರಲಿಲ್ಲ. ಹನಿ ನೀರಾವರಿಯ ಪೈಪು ಆ ಬದುವಿನ ತನಕ ಬರುವುದಿಲ್ಲ. ಅದನ್ನು ಆಮೇಲೆ ನಾನೇ ನಡೆದು ನೋಡಿದೆ. ಸುದ್ದಿ ಬರುವ ಮೊದಲೇ ಆ ನೀರು ಯಾರು ಹಾಕಿದರೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಘೋಣಸಗಿಗೆ ಹೋದೆ. ಹೆಂಗಸರ ನಡುವೆ ಗೋಡೆಗೆ ಒರಗಿದ್ದ ಗಂಗವ್ವನ ಮುಂದೆ ಕುಳಿತು, ಅವಳು ಕೇಳಿದ್ದ ಆ ಒಂದು ಮಾತನ್ನು ಈಗಲಾದರೂ ಕೊಡಬೇಕೆಂದು, ಎಲ್ಲರಿಗೂ ಕೇಳುವಂತೆ, “ಆಯಿ, ನೀರ ನಾನ ಹಾಕಿದ್ನಿರಿ,” ಎಂದೆ.