ಅಕ್ಕನ ಎರಡು ಚೀಟಿ

ಮದ್ದೂರಿನ ನನ್ನ ಔಷಧಿ ಅಂಗಡಿಗೆ ಬಂದವರು ಎದೆ ಮುಟ್ಟಿಕೊಂಡು "ಹಾರ್ಟಿನ ಮಾತ್ರೆ ಕೊಡಿ" ಅಂದರೆ ಮೈಯೆಲ್ಲ ಉರಿಯುತ್ತದೆ. ಯಾವ ಮಾತ್ರೆ? ಬಡಿತ ಏರುಪೇರಾದವರಿಗೆ ಕೊಡುವುದರಲ್ಲೇ ನಾಲ್ಕು ಗುಂಪು ಇವೆ. ಮೊದಲನೆಯದು ಹೃದಯದ ಜೀವಕೋಶದೊಳಕ್ಕೆ ಸೋಡಿಯಂ ನುಗ್ಗದಂತೆ ತಡೆಯುತ್ತದೆ. ಎರಡನೆಯದು, ಗಾಬರಿಯಾದಾಗ ಹೃದಯವನ್ನು ಓಡಿಸುವ ಅಡ್ರಿನಲಿನ್ನಿನ ಆಟ ನಿಲ್ಲಿಸುತ್ತದೆ. ಮೂರನೆಯದು ಪೊಟ್ಯಾಸಿಯಂ ಹೊರಗೆ ಹೋಗುವುದನ್ನು ತಡಮಾಡಿಸಿ, ಪ್ರತಿ ಬಡಿತದ ನಂತರ ಹೃದಯ ಸುಧಾರಿಸಿಕೊಳ್ಳುವ ಹೊತ್ತನ್ನು ಹಿಗ್ಗಿಸುತ್ತದೆ. ನಾಲ್ಕನೆಯದು ಕ್ಯಾಲ್ಸಿಯಂಗೆ ಅಡ್ಡ ನಿಲ್ಲುತ್ತದೆ. ಯಾವ ಗುಂಪಿಗೂ ಸೇರದವೂ ಇವೆ. ಎರಡನೆಯದು, ನಾಲ್ಕನೆಯದು ಎರಡೂ ಬಡಿತ ನಿಧಾನ ಮಾಡುವಂಥವು. ಡಾಕ್ಟರ ನಿಗಾ ಇಲ್ಲದೆ ಜೊತೆಗೆ ನುಂಗಿದರೆ ಹೃದಯ ನಿಂತೇಹೋಗಬಹುದು. ಇದನ್ನೆಲ್ಲ ಕಾಲೇಜಿನಲ್ಲಿ ಬಾಯಿಪಾಠ ಮಾಡಿದವನು ನಾನು.

ಅಕ್ಕನನ್ನು ಆತಗೂರಿಗೆ ಕೊಟ್ಟಿದೆ. ಹೋದ ವರ್ಷ ಒಂದು ಮಧ್ಯಾಹ್ನ ಮುದ್ದೆ ತೊಳಸುತ್ತಾ ಒಲೆ ಮುಂದೆಯೇ ಕುಸಿದಳು. ಸುದ್ದಿ ಕೇಳಿ ಅಂಗಡಿಯಿಂದ ಓಡಿಹೋಗಿ ನಾಡಿ ಹಿಡಿದರೆ ನಿಮಿಷಕ್ಕೆ ಮೂವತ್ತನಾಲ್ಕು. ಮಂಡ್ಯದ ಆಸ್ಪತ್ರೆಗೆ ಹೊರಡುವಾಗ ಚೀಟಿ ಹುಡುಕಿದರೆ ತಲೆದಿಂಬಿನ ಕೆಳಗೆ ಎರಡು ಸಿಕ್ಕಿದವು. ಒಂದು ಮಂಡ್ಯದ ಡಾಕ್ಟರದು, ಎರಡನೇ ಗುಂಪಿನ ಮಾತ್ರೆ. ಇನ್ನೊಂದು ಮಳವಳ್ಳಿಯ ಡಾಕ್ಟರದು, ನಾಲ್ಕನೇ ಗುಂಪು. ಅಲ್ಲಿ ಮಗಳ ಮನೆಗೆ ಹೋದಾಗ ಎದೆ ಹೊಡೆದುಕೊಂಡಿತೆಂದು ತೋರಿಸಿದ್ದಳಂತೆ. ಮೊದಲಿನ ಚೀಟಿಯನ್ನು ಚೀಲದ ತಳದಲ್ಲಿ ಬಚ್ಚಿಟ್ಟುಕೊಂಡೇ ಕೂತಿದ್ದಳಂತೆ. ಒಬ್ಬ ಡಾಕ್ಟರ ಮುಂದೆ ಇನ್ನೊಬ್ಬರ ಹೆಸರೆತ್ತಿದರೆ ಅವರು ಬೇಜಾರು ಮಾಡಿಕೊಳ್ಳುತ್ತಾರೆ ಎಂಬುದು ನಮ್ಮ ಕಡೆಯ ಮರ್ಯಾದೆ. ಅಂಥ ಮರ್ಯಾದೆಗೆ ಬೆಂಕಿ ಹಾಕ.

ಮೂರನೇ ದಿನ ಅಕ್ಕ ಎದ್ದು ಕೂತಳು. ಅಲ್ಲಿಯವರೆಗೆ ಅದುಮಿಟ್ಟುಕೊಂಡಿದ್ದ ಸಿಟ್ಟೆಲ್ಲ ಹೊರಗೆ ಬಂತು. ವಾರ್ಡಿನ ಜನ ತಿರುಗಿ ನೋಡುವಷ್ಟು ಕೂಗಾಡಿದೆ.

"ಸತ್ತೋಗ್ತಿದ್ದೆ ಕಣಕ್ಕ! ಎಲ್ಡೂ ಒಟ್ಗೆ ನುಂಗ್ಬೋದಾ ಅಂತ ಒಂದ್ ಮಾತ್ ಕೇಳೋಕಾಗ್ನಿಲ್ವಾ ನಿಂಗೆ?"

ಅಕ್ಕ ದನಿ ಏರಿಸಲಿಲ್ಲ.

"ಯಾರ್ನ ಕೇಳ್ಲಿ ಏಳ್ಲಾ? ಎಲ್ಡೂ ನಿನ್ ಅಂಗ್ಡೀವೇ. ಮೊದ್ಲುದ್ನ ನಾನೇ ಬಂದು ಈಸ್ಕಂಡೆ. ಇನ್ನೊಂದ್ನ ಅಳೀಮಯ್ಯ ಚೀಟಿ ಕೊಟ್ಟು ಈಸ್ಕಂಡ್ ಬಂದ್ರು. ನನ್ ತಮ್ಮ ಓದ್ದೋನು, ನೋಡ್ದೆ ಕೊಟ್ಟಾನಾ ಅಂದ್ಕಂಡೆ."

ಅಳಿಯಂದಿರು ಬಂದರೆಂಬ ಸಡಗರದಲ್ಲಿ ಅವತ್ತು ಕುರ್ಚಿ ಹಾಕಿಸಿದ್ದೆ, ಕಾಫಿ ತರಿಸಿದ್ದೆ, ಮಾತ್ರೆಯ ಹೆಸರು ಓದಿ ಕಟ್ಟಿಕೊಟ್ಟಿದ್ದೆ. ಚೀಟಿಯ ಮೇಲೆ ಬರೆದಿದ್ದ ಅಕ್ಕನ ಹೆಸರನ್ನು ಓದಿರಲಿಲ್ಲ.